ಮನೆಯ ಹಾಡಿಗೆ ಎಂಥ ಕಂಪ್ಯೂಟರು?

ಊರು ಬಿಟ್ಟು ಬಂದ ನಮ್ಮಂಥವರ ಮನೆಗಳಲ್ಲಿ ಊರಿನಿಂದ ತಂದ ಸಾಮಾನು ಬಹಳವೇನೂ ಇರುವುದಿಲ್ಲ. ಒಂದೆರಡು ತಾಮ್ರದ ಪಾತ್ರೆ, ಅಜ್ಜಿ ಹೊಲಿದ ಕೌದಿ, ಗೋಡೆಯ ಮೇಲೆ ಹಿರಿಯರ ಒಂದು ಪಟ, ಇಷ್ಟೆ. ಆದರೆ ಹೊರಲು ಭಾರವಿಲ್ಲದ, ಬಾಡಿಗೆಯ ಮನೆ ಬದಲಾಯಿಸಿದಾಗಲೆಲ್ಲ ತಾನಾಗಿಯೇ ಹಿಂದೆ ಬರುವ ಒಂದು ಸೊತ್ತು ಉಂಟು. ಅದು ಮನೆಯವರ ಹಾಡು. ಸಂಜೆ ದೀಪ ಹಚ್ಚುವಾಗಿನ ದಾಸರ ಪದ, ಮದುವೆಯ ಮನೆಯ ಬೀಗರ ಹಾಡು, ತೊಟ್ಟಿಲ ಪದ, ಸಂಗೀತದ ಕ್ಲಾಸಿಗೆ ಹೋಗುವ ಮಕ್ಕಳ ಆಲಾಪ, ಎಲ್ಲವೂ ಇದರಲ್ಲಿ ಸೇರಿದವು.

ಇವನ್ನು ಮನೆಯಲ್ಲಿಯೇ ಚೆನ್ನಾಗಿ ಮುದ್ರಿಸಿಡಬೇಕೆಂಬ ಆಸೆ ಅನೇಕರಲ್ಲಿದೆ. ಆಸೆಯ ಬೆನ್ನಿಗೇ ಪ್ರಶ್ನೆಯೂ ಬರುತ್ತದೆ: ಅದಕ್ಕೆ ಎಂಥ ಕಂಪ್ಯೂಟರು ಬೇಕು, ಎಷ್ಟು ಹಣ ಬೇಕು? ಅಂಗಡಿಯವರು ಕೊಡುವ ಉತ್ತರ ಸಾಮಾನ್ಯವಾಗಿ ದೊಡ್ಡದು, ದುಬಾರಿಯದು. ನಿಜವಾದ ಉತ್ತರ ಅದಕ್ಕಿಂತ ಚಿಕ್ಕದು. ಸದ್ದು ಮಾಡದ, ನಡುವೆ ತಡವರಿಸದ, ಮಧ್ಯಮ ತರಗತಿಯ ಒಂದು ಯಂತ್ರ ಸಾಕು. ಉಳಿದ ಹಣ ಮೈಕಿಗೂ ಕೋಣೆಗೂ ಹೋಗತಕ್ಕದ್ದು. ಇದೇಕೆ ಹೀಗೆ ಎಂಬುದನ್ನು ಒಂದೊಂದಾಗಿ ನೋಡೋಣ.

ಒಂದು ತಟ್ಟೆಯ ಮಹಿಮೆ

ಧ್ವನಿಮುದ್ರಣದ ಬೆಲೆ ಏನೆಂಬುದನ್ನು ಪುಣೆಯ ಕನ್ನಡಿಗರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಗದುಗಿನ ಒಬ್ಬ ಹುಡುಗ ಅಬ್ದುಲ್ ಕರೀಂ ಖಾನರು ಹಾಡಿದ ಝಿಂಝೋಟಿ ರಾಗದ ಠುಮರಿಯನ್ನು ಗ್ರಾಮೊಫೋನಿನಲ್ಲಿ ಕೇಳಿದ. ಆ ಕಾಲದ ತಟ್ಟೆಯ ಒಂದು ಮಗ್ಗುಲಲ್ಲಿ ಹಿಡಿಸುತ್ತಿದ್ದುದು ಸುಮಾರು 3 ನಿಮಿಷದ ಸಂಗೀತ. ಅಷ್ಟೇ ಸಾಕಾಯಿತು. 1933ರಲ್ಲಿ, ತನ್ನ ಹನ್ನೊಂದನೆಯ ವಯಸ್ಸಿನಲ್ಲಿ, ಗುರುವನ್ನು ಅರಸುತ್ತ ಆತ ಮನೆ ಬಿಟ್ಟು ಹೊರಟ. ಮುಂದೆ ಕುಂದಗೋಳದ ಸವಾಯಿ ಗಂಧರ್ವರ ಶಿಷ್ಯನಾದ, ಪುಣೆಯಲ್ಲಿ ನೆಲೆಸಿದ, ಗುರುವಿನ ಸ್ಮರಣೆಗಾಗಿ 1953ರಲ್ಲಿ ಇಲ್ಲಿ ಆರಂಭವಾದ ಸಂಗೀತೋತ್ಸವವನ್ನು ದಶಕಗಳ ಕಾಲ ಮುನ್ನಡೆಸಿದ. ಭೀಮಸೇನ ಜೋಶಿಯವರ ಕಥೆ ಇದು. ಆ ತಟ್ಟೆಯನ್ನು ಮುದ್ರಿಸಿದವರಿಗೆ ಅದು ಯಾವ ಊರಿನ ಯಾವ ಹುಡುಗನ ಕಿವಿಗೆ ಬಿದ್ದೀತೆಂದು ಗೊತ್ತಿತ್ತೆ?

ಇನ್ನೊಂದು ಸಂಗತಿಯನ್ನೂ ನೆನೆಯಬೇಕು. ಹಲಸಂಗಿಯ ಗೆಳೆಯರು ಸಂಗ್ರಹಿಸಿದ ‘ಗರತಿಯ ಹಾಡು’ 1931ರಲ್ಲಿ ಅಚ್ಚಾಯಿತು. ಆ ಉಪಕಾರವನ್ನು ಕನ್ನಡ ನಾಡು ಮರೆಯುವಂತಿಲ್ಲ. ಆದರೆ ಪುಸ್ತಕದಲ್ಲಿ ಉಳಿಯುವುದು ಮಾತು. ಬೀಸುವ ಕಲ್ಲಿನ ಮುಂದೆ ಕುಳಿತು ಹಾಡಿದ ತಾಯಂದಿರ ದನಿ ಪುಸ್ತಕದಲ್ಲಿ ಉಳಿಯಲಾರದು. ಪುಣೆಯಲ್ಲಿ ಹೇಮಾ ರಾಯಿರ್‌ಕರ್ ಮತ್ತು ಫ್ರಾನ್ಸಿನಿಂದ ಬಂದು ಇಲ್ಲಿಯವರೇ ಆದ ಗೀ ಪ್ವಾತ್ವಾಂ ಇವರು ಮರಾಠಿ ಹೆಂಗಸರ ಬೀಸುವ ಪದಗಳನ್ನು ಹಳ್ಳಿ ಹಳ್ಳಿ ತಿರುಗಿ ಕೂಡಿಹಾಕಿದಾಗ ಒಂದು ಲಕ್ಷಕ್ಕೂ ಮಿಕ್ಕ ಪದಗಳಾದವು. ಅವುಗಳಲ್ಲಿ ಒಂದಿಷ್ಟನ್ನು ಹಾಡಿದವರ ದನಿಯಲ್ಲಿಯೇ ಮುದ್ರಿಸಿದರು. ಕಂಪ್ಯೂಟರಿನಲ್ಲಿ ವರ್ಗೀಕರಿಸಿ ಇಟ್ಟರು. ಆದ್ದರಿಂದ ಇಂದಿಗೂ ಆ ಹೆಂಗಸರ ಕೊರಳನ್ನು ನಾವು ಕೇಳಬಹುದು. ಇಷ್ಟು ದೊಡ್ಡ ಕೆಲಸ ನಮ್ಮಿಂದಾಗದು. ನಮ್ಮ ಮನೆಯ ಒಂದು ಕೊರಳಿನ ಮಟ್ಟಿಗಾದರೂ ಅದು ಆಗಬಹುದಲ್ಲವೆ?

ಮೊದಲು ಕೆಲಸ, ಆಮೇಲೆ ಯಂತ್ರ

ಕೋಥರೂಡಿನಲ್ಲೋ ಚಿಂಚವಾಡದಲ್ಲೋ ಒಂದು ಮನೆಯನ್ನು ಭಾವಿಸಿಕೊಳ್ಳಿ. ಧಾರವಾಡದ ಕಡೆಯ ಅಜ್ಜಿ ಪದ ಹೇಳುತ್ತಾರೆ. ಸೊಸೆ ಹಿಂದುಸ್ತಾನಿ ಕಲಿಯುತ್ತಿದ್ದಾಳೆ. ಜೊತೆಗೆ ಹಾರ್ಮೋನಿಯಂ, ತಬಲಾ ಬೇಕು. ಕಾಲೇಜಿಗೆ ಹೋಗುವ ಮೊಮ್ಮಗ ಕೀಬೋರ್ಡ್ ನುಡಿಸಿ ಸ್ವಂತ ರಾಗ ಸಂಯೋಜನೆ ಮಾಡುತ್ತಾನೆ. ಮೂವರ ಅಗತ್ಯವೂ ಬೇರೆ ಬೇರೆ.

ಅಜ್ಜಿಯ ಪದಕ್ಕೆ ಒಂದೇ ಮೈಕು ಸಾಕು. ಕಂಪ್ಯೂಟರಿಗೆ ಇದು ಆಟದಂಥ ಕೆಲಸ. ಹತ್ತು ವರ್ಷದ ಹಳೆಯ ಯಂತ್ರವೂ ಮಾಡೀತು. ಸೊಸೆಯ ಗಾಯನಕ್ಕೆ ಎರಡರಿಂದ ನಾಲ್ಕು ಮೈಕು ಬೇಕಾದಾವು. ಆಮೇಲೆ ಕುಳಿತು ಒಂದೊಂದರ ಮಟ್ಟವನ್ನು ಹೊಂದಿಸಬೇಕು. ಇದೂ ಸಾಧಾರಣ ಕೆಲಸವೇ. ಮೊಮ್ಮಗನ ಕೆಲಸ ಮಾತ್ರ ಭಾರವಾದುದು. ಪಿಟೀಲು, ಕೊಳಲು, ಡ್ರಮ್ಮುಗಳ ಸಾವಿರಾರು ನಾದದ ತುಣುಕುಗಳನ್ನು ಕಂಪ್ಯೂಟರು ನೆನಪಿನಲ್ಲಿ ಹಿಡಿದಿಟ್ಟುಕೊಂಡು, ಕೀ ಒತ್ತಿದ ಕ್ಷಣಕ್ಕೆ ನುಡಿಸಬೇಕು. ನಿಮ್ಮ ಮನೆಯಲ್ಲಿ ಮೂರನೆಯ ಬಗೆಯ ಕಲಾವಿದರು ಇದ್ದಾರೆಯೆ? ಅಂಗಡಿಗೆ ಹೋಗುವ ಮುನ್ನ ತೀರ್ಮಾನಿಸಬೇಕಾದುದು ಇದೊಂದೇ. ಇಲ್ಲವಾದರೆ ಅರ್ಧ ಖರ್ಚು ಅಲ್ಲಿಯೇ ಉಳಿಯಿತು.

ಯಂತ್ರದ ಹೊಟ್ಟೆಯಲ್ಲಿ

ಕಂಪ್ಯೂಟರಿನ ಒಳಗನ್ನು ಒಂದು ಅಡುಗೆಮನೆಗೆ ಹೋಲಿಸಬಹುದು. ಪ್ರೊಸೆಸರ್ ಎಂಬುದು ಅಡುಗೆಯವರು; ರ್‍ಯಾಮ್ ಎಂಬುದು ಅಡುಗೆಯ ಕಟ್ಟೆ; ಎಸ್‌ಎಸ್‌ಡಿ ಅಥವಾ ಹಾರ್ಡ್ ಡಿಸ್ಕ್ ಎಂಬುದು ಉಗ್ರಾಣ. ಕಟ್ಟೆ ಇಕ್ಕಟ್ಟಾದರೆ ಅಡುಗೆಯವರು ಎಷ್ಟು ಚುರುಕಾಗಿದ್ದರೂ ಪದೇ ಪದೇ ಉಗ್ರಾಣಕ್ಕೆ ಓಡಬೇಕಾಗುತ್ತದೆ. ಆಗ ಹಾಡಿನ ನಡುವೆ ‘ಟಕ್’ ಎಂದು ಸದ್ದು ಬಂದು ಮುದ್ರಣ ಕೆಡುತ್ತದೆ.

ಅಜ್ಜಿ, ಸೊಸೆ ಇವರ ಮಟ್ಟಿಗೆ ಇಂಟೆಲ್ ಕಂಪನಿಯ ಐ5 ಅಥವಾ ಎಎಂಡಿಯ ರೈಜನ್ 5 ವರ್ಗದ ಪ್ರೊಸೆಸರ್, 16 ಜಿಬಿ ರ್‍ಯಾಮ್ ಧಾರಾಳವಾಗಿ ಸಾಕು. ಮೊಮ್ಮಗನಿದ್ದರೆ ರ್‍ಯಾಮನ್ನು 32 ಜಿಬಿಗೆ ಏರಿಸಿ. ಇಂದು 16 ಹಾಕಿಸಿ ನಾಳೆ ಏರಿಸಬಹುದಾದಂತೆ ಒಂದು ಖಾಲಿ ಜಾಗವಿರುವ ಯಂತ್ರವನ್ನು ಆರಿಸುವುದು ಜಾಣತನ.

ಉಗ್ರಾಣದ ಲೆಕ್ಕವನ್ನು ನೀವೇ ಮಾಡಬಹುದು. ಒಳ್ಳೆಯ ಮುದ್ರಣಕ್ಕೆ ದನಿಯನ್ನು ಸೆಕೆಂಡಿಗೆ 48,000 ಸಲ ಅಳೆಯುತ್ತಾರೆ; ಒಂದೊಂದು ಅಳತೆಗೂ 24 ಬಿಟ್, ಅಂದರೆ 3 ಬೈಟ್ ಜಾಗ. ಗುಣಿಸಿದರೆ ಸೆಕೆಂಡಿಗೆ 1,44,000 ಬೈಟ್. ಗಂಟೆಗೆ ಅರ್ಧ ಜಿಬಿಗಿಂತ ತುಸು ಹೆಚ್ಚು. ನಾಲ್ಕು ಮೈಕುಗಳಾದರೆ ಗಂಟೆಗೆ ಸುಮಾರು 2 ಜಿಬಿ. ಹಾಗಾದರೆ 1 ಟಿಬಿಯ ಒಂದು ಡಿಸ್ಕಿನಲ್ಲಿ ನಾಲ್ಕು ಮೈಕಿನ ಸಂಗೀತವೇ 480 ಗಂಟೆ ಹಿಡಿಸಿತು! ಮೂರು ನಿಮಿಷದ ತಟ್ಟೆಯನ್ನು ಕಂಡಿದ್ದ ಹಿರಿಯರಿಗೆ ಇದು ಮಾಯೆಯಂತೆ ತೋರೀತು. ಆದುದರಿಂದ ದೊಡ್ಡ ಉಗ್ರಾಣಕ್ಕೆ ಹಣ ಸುರಿಯುವುದು ಬೇಡ. ಒಳಗೆ 500 ಜಿಬಿಯ ಎಸ್‌ಎಸ್‌ಡಿ, ಹೊರಗೆ ಕಾಪಿಡಲು ಬೇರೆ ಡಿಸ್ಕು, ಇಷ್ಟು ಸಾಕು. ಎಸ್‌ಎಸ್‌ಡಿಯಲ್ಲಿ ತಿರುಗುವ ಭಾಗವೇ ಇಲ್ಲದ್ದರಿಂದ ಅದು ಸದ್ದನ್ನೂ ಮಾಡುವುದಿಲ್ಲ.

ಬೇಡವಾದುದನ್ನೂ ಹೇಳಿಬಿಡುವುದು ಮೇಲು. ಬಣ್ಣ ಬಣ್ಣದ ದೀಪ ಮಿನುಗುವ ಪೆಟ್ಟಿಗೆ, ದುಬಾರಿ ಗ್ರಾಫಿಕ್ಸ್ ಕಾರ್ಡು, ಇವು ಆಟವಾಡುವವರಿಗಾಗಿ ಇರತಕ್ಕವು. ಹಾಡಿಗೆ ಅವುಗಳಿಂದ ನಯಾಪೈಸೆಯ ಉಪಯೋಗವಿಲ್ಲ. ಮೇಲಾಗಿ ಅವುಗಳ ಫ್ಯಾನುಗಳು ಮೈಕಿನೊಳಗೆ ಹಾಡತೊಡಗುತ್ತವೆ.

ಸದ್ದಿಲ್ಲದಿರುವುದೇ ಗುಣ

ಗಾಯಕರು ಒಂದು ಸ್ವರವನ್ನು ಮೆಲ್ಲಗೆ ಹಿಡಿದು ನಿಂತಾಗ ಹಿಂದಿನಿಂದ ‘ಗುಂಯ್’ ಎಂದು ಯಂತ್ರದ ಸದ್ದು ಬಂದರೆ ಅದನ್ನು ಆಮೇಲೆ ಪೂರ್ತಿ ತೆಗೆಯಲಾಗದು. ತೆಗೆಯಹೋದರೆ ದನಿಯ ಸೊಬಗೂ ಹೋಗುತ್ತದೆ. ಆದ್ದರಿಂದ ಕೊಳ್ಳುವ ಮುಂಚೆ ಯಂತ್ರವನ್ನು ಹತ್ತು ನಿಮಿಷ ನಡೆಯಿಸಿ, ಕಿವಿಗೊಟ್ಟು ಕೇಳಿರಿ. ಅಂಗಡಿಯ ಗದ್ದಲದಲ್ಲಿ ಕೇಳಿಸದಿದ್ದರೆ ಕೈ ಹತ್ತಿರ ಹಿಡಿದು ಗಾಳಿಯ ವೇಗವನ್ನಾದರೂ ನೋಡಿರಿ. ಚಿಕ್ಕ ಫ್ಯಾನು ಬಿರುಸಾಗಿ ತಿರುಗಿದರೆ ಸದ್ದು ಹೆಚ್ಚು. 120 ಅಥವಾ 140 ಮಿಲಿಮೀಟರಿನ ದೊಡ್ಡ ಫ್ಯಾನು ನಿಧಾನವಾಗಿ ತಿರುಗಿ ಅಷ್ಟೇ ಗಾಳಿ ಕೊಡುತ್ತದೆ. ಪುಣೆಯ ಏಪ್ರಿಲ್ ಮೇ ತಿಂಗಳ ಬಿಸಿಲಿನಲ್ಲಿ ಈ ವ್ಯತ್ಯಾಸ ಇನ್ನೂ ಚೆನ್ನಾಗಿ ತಿಳಿಯುತ್ತದೆ. ವರ್ಷಕ್ಕೆರಡು ಸಲ ಒಳಗಿನ ಧೂಳು ತೆಗೆಯಿಸುವುದನ್ನು ಮರೆಯಕೂಡದು.

ಯಂತ್ರವನ್ನು ಮೈಕಿನಿಂದ ದೂರ, ಮೇಜಿನ ಕೆಳಗೆ, ಮೈಕಿನ ಬೆನ್ನಿನ ಕಡೆಗೆ ಇಡಿ. ಸಾಮಾನ್ಯ ಯುಎಸ್‌ಬಿ ತಂತಿ 5 ಮೀಟರಿನವರೆಗೆ ಕೆಲಸ ಮಾಡುತ್ತದೆ. ಅಷ್ಟು ದೂರ ನಮ್ಮ ಫ್ಲ್ಯಾಟುಗಳಿಗೆ ಸಾಕು. ಲ್ಯಾಪ್‌ಟಾಪಿಗಿಂತ ಡೆಸ್ಕ್‌ಟಾಪು ಇಲ್ಲಿ ಮೇಲಾಗುವುದು ಇದಕ್ಕೇ: ಅದನ್ನು ದೂರ ಸರಿಸಿ, ತೆರೆ ಮತ್ತು ಕೀಬೋರ್ಡನ್ನು ಮಾತ್ರ ಮುಂದಿಟ್ಟುಕೊಳ್ಳಬಹುದು, ಕೆಟ್ಟ ಭಾಗವನ್ನು ಬದಲಾಯಿಸಿ ವರ್ಷಗಟ್ಟಲೆ ಬಳಸಬಹುದು.

ವಿದ್ಯುತ್ತಿನ ಮಾತೂ ಇಲ್ಲಿಯೇ ಬರಲಿ. ಗೋಡೆಯ ಮೂರು ತೂತಿನ ಸಾಕೆಟ್ಟಿನಲ್ಲಿ ಅರ್ಥಿಂಗ್ ಸರಿಯಾಗಿಲ್ಲದಿದ್ದರೆ ಮುದ್ರಣದಲ್ಲೆಲ್ಲ ‘ಹೂಂ’ ಎಂಬ ಗುಂಗು ಕೇಳುತ್ತದೆ. ಎಲೆಕ್ಟ್ರಿಶಿಯನ್ನನನ್ನು ಕರೆಯಿಸಿ ಅದನ್ನು ಮೊದಲು ನೋಡಿಸಿರಿ. ಮಳೆಗಾಲದ ಸಂಜೆ ಕರೆಂಟು ಹೋದಾಗ ಹಾಡಿದ್ದೆಲ್ಲ ಹೋಗದಂತೆ ಒಂದು ಚಿಕ್ಕ ಯುಪಿಎಸ್ ಇರಲಿ.

ತಡದ ಲೆಕ್ಕ

ಕಂಪ್ಯೂಟರಿನ ಹಿಂಬದಿಯ ಮೈಕಿನ ತೂತಿಗೆ ಒಳ್ಳೆಯ ಮೈಕನ್ನು ಸಿಕ್ಕಿಸಿ ಫಲವಿಲ್ಲ. ನಡುವೆ ಆಡಿಯೊ ಇಂಟರ್‌ಫೇಸ್ ಎಂಬ ಒಂದು ಪುಟ್ಟ ಪೆಟ್ಟಿಗೆ ಬೇಕು. ಮೈಕಿನ ಕ್ಷೀಣವಾದ ಸಂಕೇತವನ್ನು ಬಲಪಡಿಸಿ, ಅಂಕಿಗಳಾಗಿ ಪರಿವರ್ತಿಸಿ ಕಂಪ್ಯೂಟರಿಗೆ ಒಪ್ಪಿಸುವ ಕೆಲಸ ಅದರದು. ಎರಡು ಮೈಕುಗಳ ಪೆಟ್ಟಿಗೆ ಸಾಮಾನ್ಯ ಸಂಸಾರಕ್ಕೆ ಸರಿ. ತಬಲಾಕ್ಕೂ ಹಾರ್ಮೋನಿಯಮಿಗೂ ಬೇರೆ ಬೇರೆ ಮೈಕು ಇಡುವವರು ನಾಲ್ಕರದನ್ನು ಕೊಳ್ಳಲಿ.

ಹಾಡುವವರು ಹೆಡ್‌ಫೋನಿನಲ್ಲಿ ತಮ್ಮ ದನಿಯನ್ನೇ ಕೇಳುವಾಗ ಅದು ತುಸು ತಡವಾಗಿ ಬರುವುದುಂಟು. ಕಂಪ್ಯೂಟರು ದನಿಯ ಅಳತೆಗಳನ್ನು ಒಂದೊಂದಾಗಿ ಅಲ್ಲ, ಹಿಡಿ ಹಿಡಿಯಾಗಿ ತೆಗೆದುಕೊಳ್ಳುವುದೇ ಇದಕ್ಕೆ ಕಾರಣ. ಒಂದು ಹಿಡಿಗೆ 256 ಅಳತೆಗಳಾದರೆ ಹೋಗಿಬರುವಷ್ಟರಲ್ಲಿ ಸುಮಾರು 11 ಮಿಲಿಸೆಕೆಂಡು. 1,024 ಆದರೆ 42 ದಾಟುತ್ತದೆ. ಗಾಳಿಯಲ್ಲಿ ಶಬ್ದ ಒಂದು ಮಿಲಿಸೆಕೆಂಡಿಗೆ ಸುಮಾರು 34 ಸೆಂಟಿಮೀಟರು ಸಾಗುತ್ತದೆ. ಅಂದರೆ ಮೊದಲನೆಯದು ಕೋಣೆಯ ಆಚೆ ಬದಿಗೆ ಕುಳಿತ ತಬಲಾದವರೊಡನೆ ಹಾಡಿದಂತೆ. ಎರಡನೆಯದು ಹದಿನಾಲ್ಕು ಮೀಟರು ದೂರದಲ್ಲಿ ಕುಳಿತವರೊಡನೆ ಹಾಡಿದಂತೆ. ಲಯ ನಿಲ್ಲುವುದಾದರೂ ಹೇಗೆ?

ಪರಿಹಾರ ಸುಲಭ. ಬಹುತೇಕ ಇಂಟರ್‌ಫೇಸುಗಳಲ್ಲಿ ದನಿಯನ್ನು ಕಂಪ್ಯೂಟರಿಗೆ ಕಳಿಸುವ ಮೊದಲೇ ನೇರವಾಗಿ ಹೆಡ್‌ಫೋನಿಗೆ ಕೊಡುವ ಒಂದು ಗುಂಡಿ ಇರುತ್ತದೆ. ಬರಿಯ ಹಾಡು ಮುದ್ರಿಸುವವರಿಗೆ ಅದೊಂದಿದ್ದರೆ ತಡದ ಚಿಂತೆಯೇ ಇಲ್ಲ. ಕೀಬೋರ್ಡ್ ನುಡಿಸುವ ಮೊಮ್ಮಗನಿಗೆ ಮಾತ್ರ ಚುರುಕಾದ ಪ್ರೊಸೆಸರ್ ಬೇಕಾಗುವುದು.

ಹೊಸದೊ, ಹಳೆಯದೊ?

ಪುಣೆಯಲ್ಲಿ ಕೊಳ್ಳುವವರಿಗೆ ಮೂರು ದಾರಿಗಳುಂಟು. ಮೊದಲನೆಯದು, ಭಾಗಗಳನ್ನು ಆರಿಸಿ ಜೋಡಿಸಿಕೊಳ್ಳುವುದು. ದೊಡ್ಡ ಫ್ಯಾನು, ಸದ್ದಿಲ್ಲದ ಪೆಟ್ಟಿಗೆ ಬೇಕೆನ್ನುವವರಿಗೆ ಇದು ಒಳ್ಳೆಯದು. ಬುಧವಾರ ಪೇಠೆಯ ತಪಕೀರ್ ಗಲ್ಲಿಯ ವಿದ್ಯುತ್ ಸಾಮಾನಿನ ಅಂಗಡಿಗಳಲ್ಲಿ ತಂತಿ, ಪ್ಲಗ್ಗು, ಸಾಕೆಟ್ಟುಗಳಿಗಾಗಿ ಒಂದು ಸುತ್ತು ಹಾಕುವುದೂ ಲಾಭವೇ. 2025ರ ಕೊನೆಯ ತಿಂಗಳುಗಳಲ್ಲಿ ರ್‍ಯಾಮಿನ ಬೆಲೆ ಬಹಳ ಏರಿತು. ಆದ್ದರಿಂದ ಎರಡು ಮೂರು ಕಡೆ ದರ ವಿಚಾರಿಸದೆ ಮುಂಗಡ ಕೊಡಬೇಡಿ.

ಎರಡನೆಯದು, ಆಪಲ್ ಕಂಪನಿಯ ಮ್ಯಾಕ್ ಮಿನಿಯಂಥ ಅಂಗೈಯಗಲದ ಯಂತ್ರ. 2024ರ ನವೆಂಬರಿನಲ್ಲಿ ಹೊಸ ರೂಪದಲ್ಲಿ ಬಂದಾಗ ಅದರ ಆರಂಭದ ಬೆಲೆ 59,900 ರೂಪಾಯಿ; ಒಳಗೆ 16 ಜಿಬಿ ರ್‍ಯಾಮು. ಸದ್ದು ಇಲ್ಲವೆಂಬಷ್ಟು ಕಡಿಮೆ. ಗರಾಜ್‌ಬ್ಯಾಂಡ್ ಎಂಬ ಮುದ್ರಣದ ತಂತ್ರಾಂಶ ಹಣವಿಲ್ಲದೆ ದೊರೆಯುತ್ತದೆ. ತೆರೆ, ಕೀಬೋರ್ಡು, ಮೌಸುಗಳನ್ನು ಬೇರೆಯಾಗಿ ಕೊಳ್ಳಬೇಕು. ರ್‍ಯಾಮನ್ನು ಮುಂದೆ ಏರಿಸಲು ಬರುವುದಿಲ್ಲ.

ಮೂರನೆಯ ದಾರಿ ಮಿತವ್ಯಯದ್ದು. ಕಚೇರಿಗಳು ಬಳಸಿ ಬಿಟ್ಟ ಡೆಲ್ ಆಪ್ಟಿಪ್ಲೆಕ್ಸ್, ಎಚ್‌ಪಿ ಎಲೀಟ್‌ಡೆಸ್ಕ್, ಲೆನೊವೊ ಥಿಂಕ್‌ಸೆಂಟರ್ ಮುಂತಾದ ಯಂತ್ರಗಳು ದುರಸ್ತಿಯಾಗಿ ಮಾರಾಟಕ್ಕೆ ಬರುತ್ತವೆ. ದಿನವಿಡೀ ನಡೆಯುವುದಕ್ಕೆಂದೇ ಮಾಡಿದವಾದ್ದರಿಂದ ಗಟ್ಟಿಮುಟ್ಟು. ಆದರೆ ಒಂದು ಎಚ್ಚರಿಕೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ನಡೆಯಬೇಕಾದರೆ ಇಂಟೆಲ್ ಪ್ರೊಸೆಸರು ಎಂಟನೆಯ ತಲೆಮಾರಿನದೋ ಅದಕ್ಕಿಂತ ಹೊಸದೋ ಆಗಿರಬೇಕು. ಅಗ್ಗವೆಂದು ಆರನೆಯ, ಏಳನೆಯ ತಲೆಮಾರಿನ ಯಂತ್ರವನ್ನು ಹಿಡಿದುಕೊಂಡು ಬಂದು ಆಮೇಲೆ ಪೇಚಾಡಬೇಡಿ. ಅಂಥದು ಈಗಾಗಲೇ ಮನೆಯಲ್ಲಿದ್ದರೆ ಉಬುಂಟು ಸ್ಟುಡಿಯೊ ಎಂಬ ಉಚಿತ ವ್ಯವಸ್ಥೆಯನ್ನು ಹಾಕಿಸಿ ಹಾಡಿನ ಕೆಲಸಕ್ಕೆ ಇಟ್ಟುಕೊಳ್ಳಬಹುದು. ಮುದ್ರಣದ ತಂತ್ರಾಂಶಕ್ಕೂ ಹಣ ಕೊಡಲೇಬೇಕೆಂದಿಲ್ಲ. 2000ದಿಂದ ಬಳಕೆಯಲ್ಲಿರುವ ಆಡಾಸಿಟಿ ಉಚಿತ, ಕಲಿಯಲು ಸುಲಭ.

ಕೌದಿಯ ಉಪಕಾರ

ಒಟ್ಟು ಖರ್ಚನ್ನು ಹತ್ತು ಪಾಲು ಮಾಡಿದರೆ ಐದು ಪಾಲು ಯಂತ್ರ ಮತ್ತು ತೆರೆಗೆ, ಮೂರೂವರೆ ಪಾಲು ಇಂಟರ್‌ಫೇಸ್, ಮೈಕು, ಹೆಡ್‌ಫೋನ್, ಸ್ಟ್ಯಾಂಡುಗಳಿಗೆ, ಒಂದೂವರೆ ಪಾಲು ಕಾಪಿಡುವ ಡಿಸ್ಕುಗಳಿಗೆ ಇರಲಿ. ಕೋಣೆಗೆ ಖರ್ಚೇ ಬೇಡ. ಬರಿಗೋಡೆಗಳ ಕೋಣೆಯಲ್ಲಿ ದನಿ ಗೋಡೆಗೆ ಬಡಿದು ಗೊಂಗಲಾಗುತ್ತದೆ. ಹಾಡುವವರ ಬೆನ್ನ ಹಿಂದೆ ಎರಡು ಕೌದಿಗಳನ್ನು ಹಗ್ಗಕ್ಕೆ ಇಳಿಬಿಡಿ, ನೆಲಕ್ಕೆ ಜಮಖಾನೆ ಹಾಸಿ, ಕಪಾಟಿನ ಬಾಗಿಲು ತೆರೆದು ಸೀರೆ ಬಟ್ಟೆಗಳ ರಾಶಿ ಕೋಣೆಯ ಕಡೆಗಿರಲಿ. ಬಟ್ಟೆ ಪ್ರತಿಧ್ವನಿಯನ್ನು ಕುಡಿದುಬಿಡುತ್ತದೆ. ಹೊರಗಿನ ಸದ್ದನ್ನು ಮಾತ್ರ ಅದು ತಡೆಯದು. ರಸ್ತೆಯ ದ್ವಿಚಕ್ರಿಗಳು, ಸೊಸಾಯಟಿಯ ನೀರಿನ ಪಂಪು, ನೆರೆಮನೆಯ ಕುಕ್ಕರಿನ ಸಿಳ್ಳು, ಗಣೇಶೋತ್ಸವದ ಢೋಲು ತಾಷಾ, ಇವುಗಳಿಗೆ ಮದ್ದೆಂದರೆ ಹೊತ್ತನ್ನು ಆರಿಸುವುದು. ಬೆಳಗಿನ ಜಾವ ಪುಣೆ ಇನ್ನೂ ಶಾಂತವಾಗಿಯೇ ಇರುತ್ತದೆ.

ಮೈಕಿನಲ್ಲಿ ಎರಡು ಜಾತಿ. ಕಂಡೆನ್ಸರ್ ಮೈಕು ಬಹಳ ಸೂಕ್ಷ್ಮ. ಉಸಿರನ್ನೂ ಹಿಡಿಯುತ್ತದೆ, ಪಕ್ಕದ ಮನೆಯ ಕುಕ್ಕರನ್ನೂ ಹಿಡಿಯುತ್ತದೆ. ಅದಕ್ಕೆ ಇಂಟರ್‌ಫೇಸಿನಿಂದ 48 ವೋಲ್ಟ್ ಬೇಕು. ಡೈನಮಿಕ್ ಮೈಕು ಹತ್ತಿರದ ದನಿಯನ್ನು ಮಾತ್ರ ಚೆನ್ನಾಗಿ ಹಿಡಿಯುತ್ತದೆ. 1966ರಿಂದ ಸಭೆಗಳಲ್ಲಿ ಕಾಣುವ ಶೂರ್ ಎಸ್‌ಎಂ58 ಈ ಜಾತಿಯದು. ಗದ್ದಲದ ರಸ್ತೆಯ ಮನೆಗೆ ಎರಡನೆಯದೇ ಕ್ಷೇಮ. ದನಿ ಏರಿದಾಗಲೂ ಮಟ್ಟ ಮೈನಸ್ 12 ಡೆಸಿಬೆಲ್ ಸುಮಾರಿನಲ್ಲಿ ನಿಲ್ಲುವಂತೆ ಗುಂಡಿ ತಿರುಗಿಸಿಡಿ; 24 ಬಿಟ್ ಮುದ್ರಣದಲ್ಲಿ ಸಣ್ಣ ದನಿಯನ್ನು ಆಮೇಲೆ ಹಿರಿದು ಮಾಡಬಹುದು, ಒಡೆದ ದನಿಯನ್ನು ಕೂಡಿಸಲಾಗದು. ತಂಬೂರಿಯ ಯಂತ್ರವನ್ನು ಹೆಡ್‌ಫೋನಿನಲ್ಲಿ ಕೇಳಿಸಿ. ಆಮೇಲೆ ಅದನ್ನು ಬೇರೆಯಾಗಿ ಸೇರಿಸಿಕೊಳ್ಳುವುದು ಚೆಂದ.

ಹೆಸರು ಹೇಳಿ ಹಾಡಿಸಿ

1902ರ ನವೆಂಬರಿನಲ್ಲಿ ಕಲಕತ್ತೆಯಲ್ಲಿ ಗೌಹರ್ ಜಾನ್ ಅವರ ಹಾಡು ಮುದ್ರಣವಾದಾಗ, ಹಾಡು ಮುಗಿದೊಡನೆ ಅವರು ತಮ್ಮ ಹೆಸರನ್ನು ಗಟ್ಟಿಯಾಗಿ ಹೇಳುತ್ತಿದ್ದರು. ತಟ್ಟೆಗಳು ತಯಾರಾಗುತ್ತಿದ್ದುದು ದೂರದ ಜರ್ಮನಿಯಲ್ಲಿ. ಹಾಡಿದವರು ಯಾರೆಂದು ಅಲ್ಲಿಯವರಿಗೆ ತಿಳಿಯಬೇಕಲ್ಲ! ನಮ್ಮ ಮನೆಗಳಲ್ಲಿಯೂ ಈ ಪದ್ಧತಿ ಇರಲಿ. ಅಜ್ಜಿ ಮೊದಲು ತಮ್ಮ ಹೆಸರು, ತವರೂರು, ಪದವನ್ನು ಯಾರಿಂದ ಕಲಿತರೆಂಬುದು, ಯಾವ ಸಂದರ್ಭದಲ್ಲಿ ಹೇಳುತ್ತಿದ್ದರೆಂಬುದು, ಇಷ್ಟನ್ನೂ ಮೈಕಿನ ಮುಂದೆ ಹೇಳಿ ಆಮೇಲೆ ಹಾಡಲಿ. ಕಡತಕ್ಕೂ ಹಾಡಿದವರ ಹೆಸರು, ಇಸವಿ, ಪದದ ಹೆಸರು ಕೊಡಿ. ಮೂಲವನ್ನು ಡಬ್ಲ್ಯೂಎವಿ ರೂಪದಲ್ಲಿಯೇ ಇಡಿ. ಬಂಧುಗಳಿಗೆ ಕಳಿಸಲು ಮಾತ್ರ ಎಂಪಿ3 ಸಾಕು. ಮೂರು ಪ್ರತಿಗಳಿರಲಿ: ಒಂದು ಕಂಪ್ಯೂಟರಿನಲ್ಲಿ, ಒಂದು ಹೊರಗಿನ ಡಿಸ್ಕಿನಲ್ಲಿ, ಇನ್ನೊಂದು ಬೇರೆ ಊರಿನಲ್ಲಿ, ತಮ್ಮನ ಮನೆಯಲ್ಲೋ ಸೋದರಮಾವನ ಮನೆಯಲ್ಲೋ.

ಇಷ್ಟೆಲ್ಲ ಓದಿದ ಮೇಲೆ ಯಾರಾದರೂ, ‘ಫೋನಿನಲ್ಲಿ ಆಗದೆ?’ ಎಂದು ಕೇಳಿಯಾರು. ಆಗುತ್ತದೆ, ಅಷ್ಟು ಚೆನ್ನಾಗಿ ಆಗುವುದಿಲ್ಲ. ಫೋನು ದನಿಯ ಏರಿಳಿತವನ್ನು ತಾನೇ ಸಮಮಾಡಲು ಹೋಗುತ್ತದೆ. ಶ್ರುತಿಯನ್ನು ಹಿನ್ನೆಲೆಯ ಸದ್ದೆಂದು ತಿಳಿದು ಅಡಗಿಸುವುದೂ ಉಂಟು. ಆದರೂ ಹಿರಿಯರ ಆರೋಗ್ಯ ಸರಿಯಿಲ್ಲದಿದ್ದರೆ, ಅಥವಾ ಅವರು ನಾಳೆ ಊರಿಗೆ ಹೊರಟಿದ್ದರೆ, ಕಂಪ್ಯೂಟರು ಬರಲೆಂದು ಕಾಯಬೇಡಿ. ಇಂದೇ ಕೌದಿ ಇಳಿಬಿಟ್ಟು, ಫ್ಯಾನು ನಿಲ್ಲಿಸಿ, ಫೋನಿನಲ್ಲಿಯೇ ಹಾಡಿಸಿ. ಬರುವ ತಿಂಗಳು ಯಂತ್ರದ ಬೆಲೆ ಇಳಿಯಬಹುದು, ಇನ್ನೂ ಒಳ್ಳೆಯದು ಬರಬಹುದು. ಎಂಬತ್ತು ದಾಟಿದ ಕೊರಳು ಅಂಗಡಿಯ ದರಪಟ್ಟಿಗಾಗಿ ಕಾದಿರುವುದಿಲ್ಲ.